ನಾಗರಹೊಳೆಯ ಹುಲಿ ಲೆಕ್ಕ: ಸಂಖ್ಯೆ ಅಷ್ಟೇ ಇದ್ದರೂ ಹುಲಿಗಳು ಅವೇ ಅಲ್ಲ

ಪ್ರಶ್ನೆ: ನಮ್ಮೂರು ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ, ನಾಗರಹೊಳೆ ಕಾಡಿನ ಅಂಚಿಗೇ ಇದೆ. 2023ರ ಏಪ್ರಿಲ್‌ನಲ್ಲಿ ದೇಶದಲ್ಲಿ 3,167 ಹುಲಿ ಇವೆ ಎಂದರು. ಜುಲೈನಲ್ಲಿ 3,682 ಎಂದರು. ಮೂರು ತಿಂಗಳಲ್ಲಿ ಐನೂರು ಹುಲಿ ಎಲ್ಲಿಂದ ಬಂದವು? ಕಣ್ಣಿಗೇ ಬೀಳದ ಪ್ರಾಣಿಯನ್ನು ಹೇಗೆ ಎಣಿಸುತ್ತೀರಿ? ನಮ್ಮ ಹೊಲದ ಕಡೆಗಂತೂ ವರ್ಷಾ ವರ್ಷಾ ಹುಲಿ ಬರುತ್ತಿದೆ. ಅಂದ್ರೆ ಕಾಡು ತುಂಬಿಹೋಗಿದೆ ಅಂತಲ್ವಾ? ತುಂಬಿದ ಮೇಲೂ ಅಧ್ಯಯನ ಯಾಕೆ ಬೇಕು?

ಉತ್ತರ: ಮೊದಲು ಆ ಐನೂರು ಹುಲಿಗಳ ವಿಷಯ ಮುಗಿಸೋಣ. ಅವು ಎಲ್ಲಿಂದಲೂ ಬರಲಿಲ್ಲ, ಮೊದಲೇ ಇದ್ದವು. ಏಪ್ರಿಲ್‌ನಲ್ಲಿ ಮೈಸೂರಿನ ಸಮಾರಂಭದಲ್ಲಿ ಹೇಳಿದ್ದು ‘ಕಡಿಮೆ ಅಂದ್ರೂ ಇಷ್ಟಿವೆ’ ಅನ್ನುವ ಸಂಖ್ಯೆ. ಜುಲೈನಲ್ಲಿ ಹೇಳಿದ್ದು ಅಂದಾಜಿನ ಸರಾಸರಿ. ಅದೇ ವರದಿ ಮೇಲ್ಮಿತಿಯನ್ನೂ ಹೇಳಿತ್ತು, 3,925. 2022ರ ಆ ಗಣತಿ ಸುತ್ತಿನಲ್ಲಿ ಕ್ಯಾಮೆರಾಗಳಿಗೆ ಸಿಕ್ಕಿ, ಫೋಟೋದಿಂದಲೇ ಒಂದೊಂದಾಗಿ ಗುರುತು ಹಿಡಿದ ಹುಲಿಗಳು 3,080. ಉಳಿದವು ಕ್ಯಾಮೆರಾಗೆ ಸಿಗದೆ ತಪ್ಪಿಸಿಕೊಂಡವು. ಹಾಗೆ ತಪ್ಪಿಸಿಕೊಂಡವು ಎಷ್ಟಿರಬಹುದು ಎಂದು ಲೆಕ್ಕ ಹಾಕುವುದೇ ನಮ್ಮ ಕೆಲಸದ ಕಷ್ಟದ ಭಾಗ. ಪೇಪರಿನಲ್ಲಿ ದಪ್ಪ ಅಕ್ಷರದಲ್ಲಿ ಬರುವುದು ಒಂದೇ ಸಂಖ್ಯೆ. ಅದರ ಆಚೆ ಈಚೆ ಇರುವ ಎರಡು ಸಂಖ್ಯೆಗಳನ್ನು ಬಿಟ್ಟುಬಿಡುತ್ತಾರೆ. ನಿಮ್ಮ ಗೊಂದಲ ಶುರುವಾದದ್ದೇ ಅಲ್ಲಿ.

ಹಿಂದೆ ಹುಲಿಯನ್ನು ಹೆಜ್ಜೆಯಿಂದ ಎಣಿಸುತ್ತಿದ್ದರು. ಒಡಿಶಾದ ಅರಣ್ಯಾಧಿಕಾರಿ ಸರೋಜ್ ರಾಜ್ ಚೌಧರಿ 1966ರಲ್ಲಿ ತಂದ ವಿಧಾನ ಅದು. ಮಣ್ಣಿನ ಮೇಲೆ ಬಿದ್ದ ಹೆಜ್ಜೆಯ ಮೇಲೆ ಗಾಜು ಇಟ್ಟು, ಅಂಚನ್ನು ಗೀರಿ, ಕಾಗದಕ್ಕೆ ಇಳಿಸಿ, ‘ಇದು ಆ ಹುಲಿ, ಇದು ಈ ಹುಲಿ’ ಎಂದು ಬೇರೆ ಮಾಡುವುದು. ಹೆಜ್ಜೆ ಓದುವ ವಿದ್ಯೆಯನ್ನು ನಾನು ಎಂದೂ ಹಗುರವಾಗಿ ಕಾಣುವುದಿಲ್ಲ. ನಮ್ಮ ಜೊತೆ ನಡೆಯುವ ಜೇನುಕುರುಬ ವಾಚರ್‌ಗಳು ಒಂದು ಹೆಜ್ಜೆ ನೋಡಿದರೆ ಗಂಡೋ ಹೆಣ್ಣೋ, ರಾತ್ರಿ ಹೋಯಿತೋ ಬೆಳಗಿನ ಜಾವ ಹೋಯಿತೋ ಹೇಳುತ್ತಾರೆ. ಆದರೆ ಒಂದೇ ಹುಲಿಯ ಹೆಜ್ಜೆ ಒಣಗಿದ ಧೂಳಿನಲ್ಲಿ ಒಂದು ಥರ, ಮಳೆ ಬಿದ್ದ ಕೆಸರಿನಲ್ಲಿ ಇನ್ನೊಂದು ಥರ ಬೀಳುತ್ತದೆ. ಗೀರುವ ಕೈ ಬದಲಾದರೆ ಚಿತ್ರವೂ ಬದಲಾಗುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿತ್ತು: ನಾವು ನೋಡದೆ ಬಿಟ್ಟ ಹುಲಿ ಎಷ್ಟು ಎಂದು ಹೇಳುವ ದಾರಿಯೇ ಆ ಲೆಕ್ಕದಲ್ಲಿ ಇರಲಿಲ್ಲ. ಕಾಗದದ ಮೇಲೆ ಹುಲಿಗಳಿದ್ದ ರಾಜಸ್ಥಾನದ ಸರಿಸ್ಕಾದಲ್ಲಿ ಒಂದೂ ಉಳಿದಿಲ್ಲ ಎಂದು 2005ರ ಹೊತ್ತಿಗೆ ಗೊತ್ತಾಯಿತು. ದೇಶ ಬೆಚ್ಚಿಬಿತ್ತು. 2006ರ ಸುತ್ತಿನಿಂದ ರಾಷ್ಟ್ರಮಟ್ಟದ ಗಣತಿಯ ವಿಧಾನವೇ ಬದಲಾಯಿತು. ಆ ಸುತ್ತಿನ ಅಂದಾಜು 1,411.

ನಿಮಗೆ ಹೆಮ್ಮೆ ಅನಿಸಬೇಕಾದ ವಿಷಯ ಒಂದಿದೆ. ಹೊಸ ವಿಧಾನ ಬೇರು ಬಿಟ್ಟದ್ದು ನಿಮ್ಮ ಪಕ್ಕದ ಕಾಡಿನಲ್ಲೇ. ಹುಲಿ ವಿಜ್ಞಾನಿ ಕೆ. ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ 1990ರ ದಶಕದ ಆರಂಭದಲ್ಲೇ ಕ್ಯಾಮೆರಾ ಟ್ರ್ಯಾಪ್ (ಪ್ರಾಣಿ ಹಾದರೆ ತಾನೇ ಫೋಟೋ ತೆಗೆಯುವ ಕ್ಯಾಮೆರಾ) ಕಟ್ಟಿ, ಒಂದೊಂದಕ್ಕೂ ಬೇರೆ ಬೇರೆ ಇರುವ ಪಟ್ಟೆಯಿಂದ ಹುಲಿ ಗುರುತಿಸಿ, ಅದನ್ನು ಸಂಖ್ಯಾಶಾಸ್ತ್ರದ ಲೆಕ್ಕಕ್ಕೆ ಸೇರಿಸಿದರು. 1995ರಲ್ಲಿ ಅದು ಪ್ರಕಟವಾಯಿತು. ಆಮೇಲೆ ಅಮೆರಿಕದ ವನ್ಯಜೀವಿ ವಿಜ್ಞಾನಿ ಜೇಮ್ಸ್ ನಿಕೋಲ್ಸ್ ಜೊತೆಗೂಡಿ ಅದನ್ನು ಇನ್ನಷ್ಟು ಗಟ್ಟಿ ಮಾಡಿದರು. ಇವತ್ತು ಲೋಕದ ಎಷ್ಟೋ ಕಾಡುಗಳಲ್ಲಿ ಹುಲಿ, ಚಿರತೆ, ಜಾಗ್ವಾರ್ ಎಣಿಸುವುದು ಇದೇ ದಾರಿಯಲ್ಲಿ.

ಕೆಲಸ ಹೇಗೆ ನಡೆಯುತ್ತದೆ ಅಂತ ಹೇಳುತ್ತೇನೆ. ಹುಲಿ ಪೊದೆಯಲ್ಲಿ ನುಗ್ಗಿ ನಡೆಯುವುದಕ್ಕಿಂತ ಜೀಪು ರಸ್ತೆ, ಆನೆ ದಾರಿ, ಹಳ್ಳದ ಮರಳು ಇವುಗಳ ಮೇಲೆ ನಡೆಯಲು ಇಷ್ಟಪಡುತ್ತದೆ. ಅಂಥ ಜಾಗ ನೋಡಿ ದಾರಿಯ ಎರಡೂ ಬದಿಗೆ, ಮೊಣಕಾಲೆತ್ತರದಲ್ಲಿ, ಒಂದೊಂದು ಕ್ಯಾಮೆರಾ ಕಟ್ಟುತ್ತೇವೆ. ಬೆಚ್ಚಗಿನ ಮೈ ಎದುರು ಹಾದುಹೋದರೆ ಸಾಕು, ಕ್ಲಿಕ್ಕಾಗುತ್ತದೆ. ಎರಡು ಕ್ಯಾಮೆರಾ ಯಾಕೆ? ಹುಲಿಯ ಎಡಮೈ ಪಟ್ಟೆಗೂ ಬಲಮೈ ಪಟ್ಟೆಗೂ ಹೋಲಿಕೆ ಇರುವುದಿಲ್ಲ. ಎಡಗಡೆಯದೊಂದು, ಬಲಗಡೆಯದೊಂದು ಫೋಟೋ ಬೇರೆ ಬೇರೆ ದಿನ ಸಿಕ್ಕಿದರೆ ಅದು ಒಂದು ಹುಲಿಯೋ ಎರಡೋ ಹೇಳಲು ಆಗುವುದಿಲ್ಲ. ಎರಡೂ ಮಗ್ಗುಲು ಒಂದೇ ಕ್ಷಣಕ್ಕೆ ಸಿಗಬೇಕು. ಫಿಲ್ಮ್ ಕಾಲದಲ್ಲಿ ಒಂದು ರೀಲಿಗೆ ಮೂವತ್ತಾರೇ ಫೋಟೋ. ಒಂದು ಜಿಂಕೆ ಹಿಂಡು ಅಡ್ಡಾಡಿದರೆ ರೀಲು ಖಾಲಿ. ಈಗ ಮೆಮೊರಿ ಕಾರ್ಡು ಬಂದು ಆ ಕಷ್ಟ ಹೋಗಿದೆ. ಆನೆಯ ಕಷ್ಟ ಹೋಗಿಲ್ಲ. ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಕಟ್ಟಿದರೂ ಕಿತ್ತು, ತುಳಿದು, ಪಕ್ಕಕ್ಕೆ ಎಸೆದು ಹೋಗುತ್ತವೆ.

ರಾತ್ರಿ ಕ್ಯಾಂಪಿನಲ್ಲಿ ಕೂತು ಫೋಟೋ ಹೋಲಿಸುವುದು ನನಗೆ ಈ ಕೆಲಸದಲ್ಲೇ ತುಂಬಾ ಇಷ್ಟದ ಹೊತ್ತು. ಒಂದು ಹೆಣ್ಣು ಹುಲಿ ನೆನಪಿದೆ. ಎಡ ತೊಡೆಯ ಮೇಲೆ ಎರಡು ಪಟ್ಟೆ ಕೆಳಗಡೆ ಕೂಡಿಕೊಂಡು ಕವೆಗೋಲಿನ ಹಾಗೆ ಕಾಣುತ್ತಿದ್ದವು. ಅದರ ಪಕ್ಕ ಕಾಳು ಮೆಣಸಿನಷ್ಟು ಒಂದು ಒಂಟಿ ಚುಕ್ಕೆ. ಅದರ ಎಷ್ಟೋ ಫೋಟೋ ಮಸುಕಾಗಿ ಬಂದಿವೆ, ಅರ್ಧ ಮೈ ಮಾತ್ರ ಬಂದಿದೆ. ಕವೆ ಮತ್ತು ಚುಕ್ಕೆ ಕಂಡರೆ ಸಾಕು, ಅದೇ. ಬಾಣಂತಿಯ ಹಾಗೆ ಹೊಟ್ಟೆ ಜೋತುಬಿದ್ದ ಒಂದು ಫೋಟೋ, ತಿಂಗಳುಗಳಾದ ಮೇಲೆ ಹಿಂದೆ ಮೂರು ಮರಿ ನಡೆಯುತ್ತಿರುವ ಫೋಟೋ, ಮರುವರ್ಷ ಎರಡೇ ಮರಿ ಇರುವ ಫೋಟೋ. ಈಗ ಕಂಪ್ಯೂಟರ್ ಸಾಫ್ಟ್‌ವೇರ್ ಪಟ್ಟೆ ಹೋಲಿಸಿ ‘ಇವು ಹತ್ತಿರ ಇವೆ, ನೋಡಿ’ ಎಂದು ಮುಂದಿಡುತ್ತದೆ. ಕೊನೆಯ ಮಾತು ಮಾತ್ರ ಇವತ್ತಿಗೂ ಮನುಷ್ಯರ ಕಣ್ಣಿನದೇ.

ಈಗ ಸಿಗದ ಹುಲಿಯ ಲೆಕ್ಕ. ನಿಮ್ಮೂರಿನ ಹಾಲಿನ ಡೈರಿ ನೆನೆಸಿಕೊಳ್ಳಿ. ಊರಲ್ಲಿ ಹಾಲು ಹಾಕುವವರು ಎಷ್ಟು ಜನ ಎಂದು ಯಾರೂ ನಿಮಗೆ ಹೇಳಿಲ್ಲ. ಬೆಳಿಗ್ಗೆ ಡೈರಿ ಮುಂದೆ ನಿಂತು ಬಂದವರ ಮುಖ ನೆನಪಿಟ್ಟುಕೊಂಡಿರಿ, 40 ಜನ. ಸಂಜೆ ಮತ್ತೆ ನಿಂತಿರಿ. ಆಗಲೂ 40 ಜನ ಬಂದರು. ಅವರಲ್ಲಿ 32 ಮುಖ ಬೆಳಿಗ್ಗೆ ನೋಡಿದವು, 8 ಹೊಸವು. ಅಂದರೆ ಸಂಜೆ ಬಂದವರಲ್ಲಿ ನೂರಕ್ಕೆ 80 ಜನ ನಿಮಗೆ ಪರಿಚಿತರು. ಹಾಗಾದರೆ ಬೆಳಿಗ್ಗೆ ನೀವು ನೋಡಿದ 40 ಜನ ಒಟ್ಟು ಮಂದಿಯ ನೂರಕ್ಕೆ 80 ಇರಬೇಕು. ಒಟ್ಟು 50. ನೀವು ಕಣ್ಣಾರೆ ಕಂಡಿದ್ದು 48 ಮುಖ, ಕಾಣದೆ ಉಳಿದ ಇಬ್ಬರೂ ಲೆಕ್ಕಕ್ಕೆ ಬಂದರು. ಹುಲಿಯ ಲೆಕ್ಕದ ತಿರುಳು ಇಷ್ಟೇ.

ಕಷ್ಟವೂ ಈ ಡೈರಿಯಲ್ಲೇ ಇದೆ ನೋಡಿ. ಬೆಳಿಗ್ಗೆಗೂ ಸಂಜೆಗೂ ನಡುವೆ ಯಾರಾದರೂ ಊರು ಬಿಟ್ಟರೆ, ಹೊಸಬರು ಬಂದರೆ ಲೆಕ್ಕ ಕೆಡುತ್ತದೆ. ಅದಕ್ಕೇ ನಾವು ಒಂದು ಕಡೆಯ ಕ್ಯಾಮೆರಾ ಕೆಲಸವನ್ನು ಒಂದೆರಡು ತಿಂಗಳೊಳಗೆ ಮುಗಿಸುತ್ತೇವೆ. ಕೆಲವರು ದಿನಾ ಎರಡು ಹೊತ್ತೂ ಬರುತ್ತಾರೆ, ಕೆಲವರು ಒಂದೇ ಹೊತ್ತು. ಹುಲಿಗಳೂ ಹಾಗೇ: ಗಂಡು ದಾರಿಯಲ್ಲಿ ಜಾಸ್ತಿ ಓಡಾಡಿ ಜಾಸ್ತಿ ಸಿಗುತ್ತದೆ, ಎಳೆ ಮರಿ ಇರುವ ತಾಯಿ ಅಪರೂಪ. ಒಂದು ವರ್ಷದೊಳಗಿನ ಮರಿಗಳಂತೂ ಸರಿಯಾಗಿ ಸಿಗುವುದೇ ಇಲ್ಲ, ಅದಕ್ಕೆ ಅವನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಮೂರನೆಯದು, ಪಕ್ಕದ ಊರಿನವರೂ ನಿಮ್ಮ ಡೈರಿಗೇ ಹಾಲು ತಂದರೆ? ಹುಲಿಗೆ ಅರಣ್ಯ ಇಲಾಖೆಯ ಬೀಟ್ ಗಡಿ, ರೇಂಜ್ ಗಡಿ ಗೊತ್ತಿಲ್ಲ. ಕ್ಯಾಮೆರಾಗೆ ಸಿಕ್ಕ ಹುಲಿಯ ಅರ್ಧ ಮನೆ ಬಂಡೀಪುರದಲ್ಲೋ ಕೇರಳದ ವಯನಾಡಿನಲ್ಲೋ ಇರಬಹುದು. ಈಚಿನ ಲೆಕ್ಕದಲ್ಲಿ ಯಾವ ಹುಲಿ ಯಾವ ಯಾವ ಕ್ಯಾಮೆರಾ ಮುಂದೆ ಬಂತು ಅನ್ನುವುದನ್ನೂ ಸೇರಿಸಿ, ಅದರ ಓಡಾಟದ ನಡುಭಾಗ ಎಲ್ಲಿದೆ ಎಂದು ಅಂದಾಜು ಮಾಡುತ್ತೇವೆ. ಈ ರೀತಿಯ ಲೆಕ್ಕವನ್ನು ಮೊದಮೊದಲು ಹುಲಿಗೆ ಹಾಕಿ ನೋಡಿದ್ದೂ ನಾಗರಹೊಳೆಯ ಫೋಟೋಗಳ ಮೇಲೇ, 2009ರಲ್ಲಿ. ಅಂದಾಜಿಗೆ ಮೇಲಿನ ಮಿತಿ, ಕೆಳಗಿನ ಮಿತಿ ಯಾಕೆ ಇರುತ್ತದೆ ಎಂದು ಈಗ ಗೊತ್ತಾಯಿತಲ್ವಾ? ಮಿತಿ ಹೇಳದೆ ಬರೀ ಒಂದು ಸಂಖ್ಯೆ ಕೊಟ್ಟರೆ ನಾನಂತೂ ನಂಬುವುದಿಲ್ಲ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ಕಾಡು ತುಂಬಿದೆ, ಅಧ್ಯಯನ ಯಾಕೆ?

1991ರಿಂದ 2000ದವರೆಗೆ ನಾಗರಹೊಳೆಯಲ್ಲಿ ಒಂದೊಂದು ಹುಲಿಯನ್ನೂ ಪಟ್ಟೆಯಿಂದ ಗುರುತಿಟ್ಟು ವರ್ಷ ವರ್ಷ ಹಿಂಬಾಲಿಸಿದ ಕೆಲಸ 2006ರಲ್ಲಿ ಪ್ರಕಟವಾಯಿತು. ಅದನ್ನು ಮೊದಲ ಸಲ ಓದಿದಾಗ ನಾನು ದಂಗಾಗಿದ್ದೆ. ಒಂದು ವರ್ಷ ಇದ್ದ ನೂರು ಹುಲಿಗಳಲ್ಲಿ ಮರುವರ್ಷಕ್ಕೆ ಅಲ್ಲಿ ಉಳಿಯುವುದು ಸರಾಸರಿ 77. ಉಳಿದ 23 ಸತ್ತಿರುತ್ತವೆ, ಇಲ್ಲವೇ ಕಾಡು ಬಿಟ್ಟು ಹೋಗಿರುತ್ತವೆ. ದೇಶದಲ್ಲೇ ಒಳ್ಳೆಯ ರಕ್ಷಣೆ ಇರುವ ಕಾಡುಗಳಲ್ಲಿ ಒಂದಾದ ನಾಗರಹೊಳೆಯಲ್ಲೇ ಹೀಗೆ. ನೂರು ಚದರ ಕಿ.ಮೀ.ಗೆ ಒಂದು ವರ್ಷ ಸುಮಾರು 7 ಹುಲಿ, ಇನ್ನೊಂದು ವರ್ಷ ಸುಮಾರು 22. ಇಷ್ಟೆಲ್ಲ ಏರುಪೇರು ಇದ್ದರೂ ಒಟ್ಟಾರೆ ಸಂಖ್ಯೆ ಕುಸಿಯಲಿಲ್ಲ. ಹೋದ ಹುಲಿಯ ಜಾಗಕ್ಕೆ ಹೊಸ ಹುಲಿ ಬರುತ್ತಲೇ ಇತ್ತು.

ಆದ್ದರಿಂದ ‘ನಾಗರಹೊಳೆಯಲ್ಲಿ 141 ಹುಲಿ’ ಎಂದು 2022ರ ಗಣತಿಯ ವರದಿ ಹೇಳಿದರೆ ಅದನ್ನು ಗೋದಾಮಿನಲ್ಲಿ ಪೇರಿಸಿಟ್ಟ 141 ಮೂಟೆ ಅಂದುಕೊಳ್ಳಬೇಡಿ. ಕಬಿನಿಯ ನೀರಿನ ಮಟ್ಟದ ಹಾಗೆ ನೋಡಿ. ಮಟ್ಟ ನಿನ್ನೆಯಷ್ಟೇ ಇದ್ದರೂ ನೀರು ನಿನ್ನೆಯದಲ್ಲ. ಒಳಹರಿವು ನಿಂತರೆ ಹೊರಹರಿವು ನಿಲ್ಲುವುದಿಲ್ಲ. ನಾಲ್ಕು ವರ್ಷಕ್ಕೊಮ್ಮೆ ಗಣತಿಯಲ್ಲಿ ಮಟ್ಟ ನೋಡಿ ಸುಮ್ನೆ ಕೂತರೆ, ಒಳಹರಿವು ಕಮ್ಮಿಯಾದದ್ದು ಗೊತ್ತಾಗುವ ಹೊತ್ತಿಗೆ ಕಾಲ ಮೀರಿರುತ್ತದೆ. ಒಂದೇ ಕಾಡಿನಲ್ಲಿ ಪ್ರತಿ ವರ್ಷ, ಬಿಡದೆ, ಅವೇ ಹುಲಿಗಳನ್ನು ಹಿಂಬಾಲಿಸುವ ಅಧ್ಯಯನ ಬೇಕು ಎಂದು ನಾವು ಹಟ ಹಿಡಿಯುವುದು ಇದಕ್ಕೇ.

ಒಳಹರಿವು ಅಂದರೆ ಮರಿ ಹಾಕುವ ಹೆಣ್ಣುಗಳು. ಹೆಣ್ಣು ಹುಲಿ ಮೂರು ತಿಂಗಳು ಚಿಲ್ಲರೆ ಗರ್ಭ ಹೊತ್ತು ಎರಡು ಮೂರು ಮರಿ ಹಾಕುತ್ತದೆ. ಹತ್ತಿರ ಹತ್ತಿರ ಎರಡು ವರ್ಷ ಅವನ್ನು ಸಾಕುತ್ತದೆ. ಹೊಸ ಗಂಡು ಬಂದು ಜಾಗ ಹಿಡಿದರೆ ಹಳೆಯ ಗಂಡಿನ ಎಳೆ ಮರಿಗಳನ್ನು ಕೊಂದುಬಿಡುವುದೂ ಉಂಟು. ಇಷ್ಟರಲ್ಲೂ ಹೊಟ್ಟೆ ತುಂಬ ಬೇಟೆ ಇದ್ದರೆ ಹುಲಿ ಸಂಸಾರ ಬೇಗ ಚೇತರಿಸಿಕೊಳ್ಳುತ್ತದೆ. ಹೆಣ್ಣೇ ಹೋದರೆ ಮಾತ್ರ ಕಷ್ಟ. 2025ರ ಜೂನ್‌ನಲ್ಲಿ ಮಲೆ ಮಹದೇಶ್ವರ ಬೆಟ್ಟದ ಹೂಗ್ಯಂ ವಲಯದಲ್ಲಿ ಒಂದು ತಾಯಿ, ನಾಲ್ಕು ಮರಿ ವಿಷಕ್ಕೆ ಬಲಿಯಾದವು. ಸುದ್ದಿಯಲ್ಲಿ ‘ಐದು ಹುಲಿ ಸಾವು’ ಎಂದು ಬಂತು. ನನಗೆ ಆ ದಿನ ಊಟ ಸೇರಲಿಲ್ಲ. ಆ ತಾಯಿ ಮುಂದೆ ಹಾಕಬೇಕಿದ್ದ ಮರಿಗಳೂ ಅವತ್ತೇ ಹೋದವು.

ಹೊಟ್ಟೆ ತುಂಬ ಬೇಟೆ ಅಂದೆನಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹುಲಿ ವಾರಕ್ಕೆ ಸುಮಾರು ಒಂದು ದೊಡ್ಡ ಪ್ರಾಣಿ ಹೊಡೆಯುತ್ತದೆ. ವರ್ಷಕ್ಕೆ ಐವತ್ತರ ಹತ್ತಿರ. ಜಿಂಕೆ, ಕಡವೆ, ಕಾಟಿ, ಕಾಡುಹಂದಿ ಹಿಂಡಿನಲ್ಲಿ ನೂರಕ್ಕೆ ಹತ್ತನ್ನು ತಿಂದರೆ ಹಿಂಡು ಕುಗ್ಗುವುದಿಲ್ಲ. ಹಾಗಾಗಿ ಒಂದು ಹುಲಿಯ ಹಿಂದೆ ಸುಮಾರು ಐನೂರು ಗೊರಸಿನ ಪ್ರಾಣಿ ಇರಬೇಕು. ಹನ್ನೊಂದು ಕಾಡುಗಳನ್ನು ಹೋಲಿಸಿ 2004ರಲ್ಲಿ ಬಂದ ಅಧ್ಯಯನ ಇದನ್ನೇ ತೋರಿಸಿತು. ಅಸ್ಸಾಮಿನ ಕಾಜಿರಂಗದಲ್ಲಿ ಚದರ ಕಿ.ಮೀ.ಗೆ 58 ಬೇಟೆ ಪ್ರಾಣಿ ಇದ್ದವು, ನೂರು ಚದರ ಕಿ.ಮೀ.ಗೆ ಸುಮಾರು 17 ಹುಲಿ. ಮಹಾರಾಷ್ಟ್ರದ ಆಗಿನ ತಡೋಬಾದಲ್ಲಿ ಬೇಟೆ ಪ್ರಾಣಿ 13, ಹುಲಿ 3 ಚಿಲ್ಲರೆ. ನಾಗರಹೊಳೆ, ಬಂಡೀಪುರ ಎರಡರಲ್ಲೂ ಸುಮಾರು 12 ಹುಲಿ.

ಅದಕ್ಕೇ ನಮ್ಮ ಕೆಲಸದಲ್ಲಿ ದೊಡ್ಡ ಪಾಲು ಜಿಂಕೆ ಎಣಿಸುವುದು. ಕಾಡಿನ ಉದ್ದಕ್ಕೂ ನೇರ ದಾರಿ ಸವರಿ ಇಟ್ಟಿರುತ್ತೇವೆ, ಎರಡು ಮೂರು ಕಿ.ಮೀ. ಉದ್ದದ ಟ್ರಾನ್ಸೆಕ್ಟ್ ಲೈನ್. ಬೆಳಕು ಹರಿಯುತ್ತಿದ್ದ ಹಾಗೆ ಇಬ್ಬರು ಸದ್ದಿಲ್ಲದೆ ನಡೆಯುತ್ತಾರೆ. ಹಿಂಡು ಕಂಡ ಕೂಡಲೇ ನಿಂತು ತಲೆ ಎಣಿಸಬೇಕು, ದಿಕ್ಸೂಚಿಯಲ್ಲಿ ಕೋನ ನೋಡಬೇಕು, ದೂರಮಾಪಕದಲ್ಲಿ ದೂರ ಅಳೆಯಬೇಕು. ದೂರ ಹೋದಂತೆ ಕಾಣುವುದು ಹೇಗೆ ಕಮ್ಮಿಯಾಗುತ್ತದೆ ಅನ್ನುವುದರಿಂದ, ಪೊದೆಯ ಹಿಂದೆ ಇದ್ದೂ ಕಾಣದವು ಎಷ್ಟು ಎಂದು ಲೆಕ್ಕ ಹಾಕುತ್ತೇವೆ. ಮತ್ತೆ ಅದೇ ಡೈರಿಯ ಮಾತು, ಕಾಣದ್ದನ್ನು ಲೆಕ್ಕಕ್ಕೆ ತರುವುದು. ಹುಲಿಯ ಮಲವನ್ನೂ ಹೆಕ್ಕುತ್ತೇವೆ. ಅದರಲ್ಲಿ ಸಿಕ್ಕ ಕೂದಲನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ತಿಂದದ್ದು ಕಡವೆಯೋ ಹಂದಿಯೋ ಗೊತ್ತಾಗುತ್ತದೆ. ಬಂಡೀಪುರದಲ್ಲಿ ಮಲದ ಡಿಎನ್‌ಎಯಿಂದಲೇ ಹುಲಿ ಎಣಿಸಿ, ಕ್ಯಾಮೆರಾ ಲೆಕ್ಕದ ಪಕ್ಕ ಇಟ್ಟು ನೋಡಿದರು. ಎರಡೂ ಹೆಚ್ಚುಕಡಿಮೆ ಒಂದೇ ಕಡೆ ಬಂದು ನಿಂತವು.

ಜಿಂಕೆಗೆ ಇಡುವ ಉರುಳು, ಹಂದಿಗೆ ಇಡುವ ಸಿಡಿಮದ್ದು ಹುಲಿಗೆ ಇಟ್ಟದ್ದೇ ಅಂತ ನಾನು ಹೇಳುವುದು ಈ ಕಾರಣಕ್ಕೆ. ನಾಗರಹೊಳೆಯಲ್ಲಿ ಕೆ.ಎಂ. ಚಿಣ್ಣಪ್ಪನವರಂಥ ರೇಂಜರ್‌ಗಳು ಕಳ್ಳಬೇಟೆ ತಡೆದು ಮೊದಲು ಉಳಿಸಿದ್ದು ಜಿಂಕೆ ಕಾಟಿಗಳ ಹಿಂಡುಗಳನ್ನು. ಹುಲಿ ಹಿಂದಿನಿಂದ ಬಂತು. ಈಗ ಹಡ್ಲುಗಳ, ಅಂದರೆ ಕಾಡಿನ ನಡುವಿನ ಜೌಗು ಹುಲ್ಲುಬಯಲುಗಳ, ಸುತ್ತ ಲಂಟಾನ ಕಳೆ ಹಬ್ಬುತ್ತಿದೆ. ಹುಲ್ಲು ಹೋದರೆ ಜಿಂಕೆಗೆ ಮೇವಿಲ್ಲ. ಆ ಒಳಹರಿವಿನ ಬಗ್ಗೆ ನನಗೆ ಚಿಂತೆ ಇದೆ.

ಇನ್ನು ನಿಮ್ಮ ಹೊಲಕ್ಕೆ ಬರುವ ಹುಲಿ. ‘ಕಾಡು ತುಂಬಿದೆ’ ಅನ್ನುವ ನಿಮ್ಮ ಮಾತು ಅರ್ಧ ನಿಜ. ಒಳ್ಳೆಯ ಜಾಗವೆಲ್ಲ ಬಲವಾದ ಹುಲಿಗಳ ಕೈಯಲ್ಲಿರುತ್ತದೆ. ಎರಡು ಎರಡೂವರೆ ವರ್ಷದ ಮರಿ ತಾಯಿಯನ್ನು ಬಿಟ್ಟು ಜಾಗ ಹುಡುಕಿ ಹೊರಡುತ್ತದೆ. ಹಲ್ಲು ಸವೆದ ಮುದಿ ಹುಲಿ ಜಾಗ ಕಳೆದುಕೊಂಡು ಅಂಚಿಗೆ ಬರುತ್ತದೆ. ಇದೇ ನಾನು ಹೇಳಿದ ಹೊರಹರಿವು, ಒಳಗೆ ಎಲ್ಲ ಸರಿಯಿದ್ದರೂ ಇರುತ್ತದೆ. ಅಂಚಿನಲ್ಲಿ ಹುಲಿ ಕಂಡ ಮಾತ್ರಕ್ಕೆ ಒಳಗೆ ಹೆಚ್ಚಿವೆ ಎಂದೂ ಹೇಳಲಾಗದು, ಕಮ್ಮಿಯಾಗಿವೆ ಎಂದೂ ಹೇಳಲಾಗದು. ಹಾಗೆ ಹೊರಟದ್ದು ಎಷ್ಟು ದೂರ ಹೋಗಬಹುದು ಗೊತ್ತೇ? 2010ರಲ್ಲಿ ಬಂಡೀಪುರದ ಕ್ಯಾಮೆರಾಗೆ ಸಿಕ್ಕಿದ್ದ ಒಂದು ಗಂಡು 2011ರಲ್ಲಿ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರದ ಕಡೆ ಸಿಕ್ಕಿತು. ಸುಮಾರು 280 ಕಿ.ಮೀ. ನಡುವೆ ಕಾಫಿ ತೋಟ, ಹೆದ್ದಾರಿ, ಊರುಗಳು. ಪಟ್ಟೆ ಫೋಟೋಗಳ ಸಂಗ್ರಹ ಇರದಿದ್ದರೆ ಅದೇ ಹುಲಿ ಇದು ಎಂದು ಯಾರಿಗೂ ತಿಳಿಯುತ್ತಿರಲಿಲ್ಲ. ಕಳ್ಳರ ಕೈಯಿಂದ ಹಿಡಿದ ಹುಲಿ ಚರ್ಮ ಯಾವ ಕಾಡಿನದು ಎಂದು ಪತ್ತೆ ಮಾಡಲೂ ಇದೇ ಸಂಗ್ರಹ ಬೇಕು.

ನಿಮ್ಮಿಂದ ನನಗೆ ಒಂದು ಸಹಾಯ ಬೇಕು. ಹುಲಿ ದನ ಹೊಡೆದರೆ ಎಷ್ಟು ಸಿಟ್ಟು, ಸಂಕಟ ಆಗುತ್ತದೆ ಎಂದು ನನಗೆ ಗೊತ್ತು. ಹಾಲು ಕರೆಯುವ ಹಸುವಾದರೆ ಮನೆಯ ಆದಾಯವೇ ಹೋದ ಹಾಗೆ. ಆದರೂ ಸತ್ತ ದನವನ್ನು ಎಳೆದು ಹಾಕಬೇಡಿ, ಹೂಳಬೇಡಿ, ಸುತ್ತ ಜನ ಸೇರಿಸಬೇಡಿ. ಮೊದಲು ರೇಂಜ್ ಆಫೀಸಿಗೆ ಫೋನ್ ಮಾಡಿ. ಪರಿಹಾರಕ್ಕೆ ಮಹಜರು ಆಗಲೂ ಅದು ಇದ್ದ ಜಾಗದಲ್ಲೇ ಇರಬೇಕು. ನಮಗೆ ಬೇಕಾಗುವುದು ಅದೇ ಜಾಗ. ಹುಲಿ ಸಾಮಾನ್ಯವಾಗಿ ಅದೇ ರಾತ್ರಿ ಉಳಿದದ್ದನ್ನು ತಿನ್ನಲು ಬರುತ್ತದೆ. ಕತ್ತಲಾಗುವ ಮುಂಚೆ ಅಲ್ಲಿ ಎರಡು ಕ್ಯಾಮೆರಾ ಕಟ್ಟಿದರೆ ಬೆಳಿಗ್ಗೆಗೆ ಎರಡೂ ಮಗ್ಗುಲು ಸಿಗುತ್ತವೆ. ಸಂಗ್ರಹದಲ್ಲಿ ಹುಡುಕಿದರೆ ಅದು ಯಾವ ತಾಯಿಯ ಮರಿ, ಎಷ್ಟು ವರ್ಷದ್ದು, ದಾರಿಹೋಕನೋ ಇಲ್ಲೇ ಬೀಡು ಬಿಟ್ಟದ್ದೋ, ಗಾಯಗೊಂಡಿದೆಯೋ ಎಂದು ಅವತ್ತೇ ಹೇಳಬಹುದು. ಬೋನು ಇಡಬೇಕೋ, ಎರಡು ದಿನ ಕಾದು ದಾರಿ ಬಿಡಬೇಕೋ ಎಂದು ಅರಣ್ಯ ಇಲಾಖೆಯವರು ತೀರ್ಮಾನಿಸುವಾಗ ಅವರ ಕೈಯಲ್ಲಿ ಆ ಫೋಟೋ ಇರಬೇಕು.